ಕೊನೆಗೆ ಉಣ್ಣುವವರು

ಏಳೂವರೆಗೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಕೋಣನಕುಂಟೆಯ ಗಂಗಾಧರಯ್ಯನವರ ಮನೆಯಲ್ಲಿ ಮುದ್ದೆ ಕಟ್ಟಿ ಮುಗಿದಿರಬೇಕು. ಈ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಸೊಸೆ ಜಯಶೀಲಾ ಹದಿಮೂರು ವರ್ಷಗಳಲ್ಲಿ ಒಂದು ದಿನವೂ ಅದನ್ನು ಮುರಿದಿರಲಿಲ್ಲ. ಧಾರಾವಾಹಿಗಳು ಬಂದುಹೋಗುತ್ತಿದ್ದವು, ಹೊತ್ತು ಮಾತ್ರ ಅದೇ. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಆರು ಗಂಟೆಯವರೆಗೆ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಬಸ್ಸು ಹಿಡಿದು ಬಂದವಳೇ ಬ್ಯಾಗನ್ನು ಕುರ್ಚಿಗೆ ನೇತುಹಾಕಿ ಎಸರಿಡುತ್ತಿದ್ದಳು.

ಉಣ್ಣುವುದಕ್ಕೂ ಒಂದು ಸರದಿ ಇತ್ತು. ಮೊದಲು ಮಾವ ಗಂಗಾಧರಯ್ಯ, ಗಂಡ ರವಿಕಿರಣ್, ಮಗಳು ಪ್ರೇರಣಾ, ಮೂವರೂ ಟೀವಿಯ ಮುಂದೆ. ಆಮೇಲೆ ಜಯಶೀಲಾ, ಅಡುಗೆಮನೆಯಲ್ಲಿ. ಎಲ್ಲರದೂ ಆಗಿ, ಧಾರಾವಾಹಿಯೂ ಮುಗಿದ ಮೇಲೆ ಅತ್ತೆ ನಾರಾಯಣಮ್ಮ ಗೂಡಿನಿಂದ ಅಂಚು ಸೊಟ್ಟಗಾದ ತಮ್ಮದೇ ತಟ್ಟೆ ತೆಗೆದು, ತಾವೇ ಬಡಿಸಿಕೊಂಡು, ಒಬ್ಬರೇ ಕೂತು ಉಣ್ಣುತ್ತಿದ್ದರು. ನಮ್ಮಜ್ಜಿ ಎಲ್ಲರಿಗೂ ಉಣ್ಣಿಸಿ ಆಮೇಲೆ ಉಣ್ಣುತ್ತಾರೆ ಎಂದು ಪ್ರೇರಣಾಗೆ ಬಹಳ ಹೆಮ್ಮೆ. ಅಸಲು ಸಂಗತಿ ಹಾಗಿರಲಿಲ್ಲ. ಜಯಶೀಲಾ ಸೊಸೆಯಾಗಿ ಬಂದ ಮೊದಲ ವಾರವೇ, ಚರ್ಚಿನವರ ಹುಡುಗಿ, ಅದಕ್ಕೂ ಹಿಂದೆ ಯಾವ ಕೇರಿಯವರೋ, ಇವಳ ಜೊತೆ ಕೂತು ತಾನು ಉಣ್ಣುವುದಿಲ್ಲ ಎಂದು ನಾರಾಯಣಮ್ಮ ತಟ್ಟೆ ಬೇರೆ ಮಾಡಿದ್ದರು. ಆಗ ಅಡುಗೆಯೂ ಅವರದೇ. ಮಂಡಿನೋವು ಶುರುವಾದ ಮೇಲೆ ಅಡುಗೆ ಸೊಸೆಯ ಕೈಗೆ ಬಂತು, ಹೆರಿಗೆ ಬಾಣಂತನಗಳಲ್ಲಿ ಮುಟ್ಟು ತಟ್ಟು ಎಲ್ಲ ಕರಗಿಹೋಯಿತು, ಒಬ್ಬರ ಸೆರಗನ್ನು ಇನ್ನೊಬ್ಬರು ಸರಿಮಾಡುವಷ್ಟು ಸಲಿಗೆಯೂ ಬೆಳೆಯಿತು. ಸರದಿ ಮಾತ್ರ ಹಾಗೇ ಉಳಿಯಿತು. ಏಕೆ ಶುರುವಾಯಿತೆಂದು ಅತ್ತೆ ಸೊಸೆ ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿಬಿಡುವವರಲ್ಲ.

ಜಯಶೀಲಾಳ ತಂದೆ ಸತ್ಯಮಿತ್ರ ಮೇಷ್ಟ್ರು ಪದ್ಮನಾಭನಗರದಲ್ಲೇ ಇದ್ದರು, ಮಗ ಪ್ರಸನ್ನನ ಮನೆಯಲ್ಲಿ. ಕೋಣನಕುಂಟೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಅಪ್ಪ ಮಗಳು ಹದಿಮೂರು ವರ್ಷವಾದರೂ ದಾಟಿರಲಿಲ್ಲ. "ಆ ಮನೆಯ ದೇವರಿಗೆ ದೀಪ ಹಚ್ಚಿದ ಕೈಯಲ್ಲಿ ಈ ಮನೆ ಬಾಗಿಲು ತಟ್ಟಬೇಡ" ಎಂದಿದ್ದರು ಮೇಷ್ಟ್ರು. ಅವಳು ದೀಪ ಹಚ್ಚಿದಳು, ಬಾಗಿಲು ತಟ್ಟಲಿಲ್ಲ. ದಿನವೂ ಟ್ಯೂಷನ್ ಮುಗಿಸಿ ಬಸ್ಸು ಹತ್ತಿದಾಗ ಎಡಗಡೆಯ ಕಿಟಕಿ ಪಕ್ಕವೇ ಕೂರುತ್ತಿದ್ದಳು. ಅಪ್ಪನ ರಸ್ತೆಯ ತಿರುವಿನಲ್ಲಿ ಒಂದು ಹಾಲಿನ ಬೂತ್ ಇದೆ. ಹೋದ ವರ್ಷದಲ್ಲಿ ನಾಲ್ಕು ಸಲ ಅಲ್ಲಿ ಅವರನ್ನು ಕಂಡಿದ್ದಳು. ಕೊನೆಯ ಸಲ ಕೈಯಲ್ಲಿ ಕೋಲಿತ್ತು, ಫುಟ್‌ಪಾತಿನ ಅಂಚನ್ನು ತಡವಿ ತಡವಿ ನಡೆಯುತ್ತಿದ್ದರು. ಬಸ್ಸು ನಿಲ್ಲಲಿಲ್ಲ.

ಫೆಬ್ರವರಿಯ ಕೊನೆಯ ಒಂದು ಸಂಜೆ ಧಾರಾವಾಹಿಯಲ್ಲಿ ದೊಡ್ಡ ಘಟ್ಟ ಬಂದಿತ್ತು. ದೊಡ್ಡಮನೆಯ ಯಜಮಾನ ಪರಮಶಿವಯ್ಯನ ಮಗ ಭಾರ್ಗವ ಕಾರು ಗುದ್ದಿಸಿ ಒಬ್ಬರ ಕಾಲು ಮುರಿದಿದ್ದ. ಡ್ರೈವರ್ ಸಂಗಮೇಶ ಪೊಲೀಸರ ಮುಂದೆ ನಿಂತು, ಗಾಡಿ ಓಡಿಸಿದವನು ನಾನೇ ಎಂದು ಕೈ ಒಡ್ಡಿಬಿಟ್ಟ.

"ನೋಡ್ರೀ ನೋಡ್ರೀ! ಮಾಡ್ದೋನು ಮನೇಲಿ ಬೆಚ್ಚಗೆ ಮಲಗವ್ನೆ, ಮಾಡ್ದೇ ಇರೋನು ಜೈಲಿಗೆ ಹೊಂಟ!" ಎಂದರು ನಾರಾಯಣಮ್ಮ, ಮೂಗೊರೆಸಿಕೊಳ್ಳುತ್ತ.

"ಅದಕ್ಕೇ ಅವನಿಗೆ ಸಂಬಳ ಕೊಡೋದು" ಎಂದರು ಗಂಗಾಧರಯ್ಯ.

ಸೊಪ್ಪಿನ ಸಾರಿನ ಪಾತ್ರೆ ಹಿಡಿದು ನಿಂತಿದ್ದ ಜಯಶೀಲಾಳ ಬಾಯಿಂದ ಮಾತು ತಾನಾಗಿ ಜಾರಿತು. "ಇದು ನಮ್ಮಪ್ಪ ಹೇಳ್ತಿದ್ದ ಕಥೆ ಅತ್ತೆ. ತಪ್ಪು ಮಾಡಿದವರ ಜಾಗದಲ್ಲಿ ತಪ್ಪು ಮಾಡದೇ ಇರೋನು ಬಂದು ನಿಂತ್ಕೋತಾನೆ."

'ನಮ್ಮಪ್ಪ' ಎಂಬ ಮಾತು ಆ ಮನೆಯಲ್ಲಿ ಕೇಳಿಸಿ ಎಷ್ಟೋ ವರ್ಷವಾಗಿತ್ತು. ಅವಳು ಸಾರು ಬಡಿಸಿ ಒಳಗೆ ಹೋದಳು. ಪ್ರೇರಣಾ ತಟ್ಟೆ ಬಿಟ್ಟು ಹಿಂದೆಯೇ ಓಡಿಬಂದಳು.

"ಅಮ್ಮ, ಇದು ನನ್ನ ಪ್ರಾಜೆಕ್ಟ್‌ಗೆ ಆಗುತ್ತೆ! ಅಂಜನಾ ಮಿಸ್ ಹೇಳಿದಾರೆ, ಮನೇಲಿ ಎಲ್ರೂ ನೋಡೋ ಸೀರಿಯಲ್ಲೋ ಸಿನಿಮಾನೋ ತಗೊಂಡು, ಅದರೊಳಗೆ ಯಾವ ಹಳೇ ಕಥೆ ಬಚ್ಚಿಟ್ಕೊಂಡಿದೆ ಹುಡುಕಿ ಅಂತ. ಎಲ್ರೂ ಒಂದೇ ಥರ ಬರೀತಿದಾರೆ. ನಂದು ಬೇರೆ ಥರ ಇರುತ್ತೆ."

"ತಾತಂಗೆ ಇಷ್ಟ ಆಗಲ್ಲ ಪುಟ್ಟ."

"ಮಾರ್ಕ್ಸ್ ಕೊಡೋದು ತಾತ ಅಲ್ಲ."

ಏಳನೇ ಕ್ಲಾಸಿನ ಹುಡುಗಿಗೆ ಉತ್ತರ ಹೇಳುವಷ್ಟು ಪುರುಸೊತ್ತು ಜಯಶೀಲಾಗೆ ಇರಲಿಲ್ಲ. ಆದರೆ ಮರುದಿನ ಸೊಪ್ಪು ಬಿಡಿಸುತ್ತ ಒಂದು ಕಥೆ ಹೇಳಿದಳು, ಅದರ ಮರುದಿನ ಬಟ್ಟೆ ಒಣಹಾಕುತ್ತ ಇನ್ನೊಂದು. ಪರಮಶಿವಯ್ಯ ಹಬ್ಬದೂಟಕ್ಕೆ ಕರೆದ ದೊಡ್ಡವರು ಯಾರೂ ಬರದಿದ್ದಾಗ ಬೀದಿಯಲ್ಲಿ ಇದ್ದಬದ್ದವರನ್ನೆಲ್ಲ ಕರೆದು ಕೂರಿಸಿದ್ದನಲ್ಲ, ಅದೂ ಅಪ್ಪನ ಕಥೆಯೇ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಕಥೆ. ಹೇಳುತ್ತ ಹೇಳುತ್ತ ಅವಳಿಗೆ ಅಪ್ಪನ ದನಿಯ ಏರಿಳಿತವೇ ತನ್ನ ಬಾಯಿಗೆ ಬರುತ್ತಿರುವುದು ತಿಳಿಯಿತು. ಅಪ್ಪ ಬೇಕು ಅನ್ನಿಸಿತು. ಅಷ್ಟೇ. ಮೂವತ್ತೇಳು ವರ್ಷದ ಹೆಂಗಸಿಗೆ, ನೆನೆದ ಬಟ್ಟೆಯ ಬಕೆಟ್ಟಿನ ಮುಂದೆ, ಅಪ್ಪ ಬೇಕು ಅನ್ನಿಸಿತು.

ಆ ಶನಿವಾರ ಅಣ್ಣ ಪ್ರಸನ್ನನ ಫೋನು ಬಂತು. ಅವನು ತಿಂಗಳಿಗೊಮ್ಮೆ ಆಫೀಸಿನ ಪಾರ್ಕಿಂಗಿನಲ್ಲಿ ನಿಂತು ಕದ್ದು ಮಾತಾಡುವವನು.

"ಅಪ್ಪಂಗೆ ಕಣ್ಣು ಪೂರ್ತಿ ಮಂಜು ಕಣೆ ಈಗ. ಓದೋಕಾಗಲ್ಲ. ಏನು ಮಾಡ್ತಾರೆ ಗೊತ್ತಾ? ಟೀವಿ ಹತ್ರ ಕುರ್ಚಿ ಎಳ್ಕೊಂಡು ಏಳೂವರೆ ಸೀರಿಯಲ್ ಕೇಳ್ತಾರೆ."

"ಅಪ್ಪಾನಾ? ಮನೆಗೆ ಟೀವಿ ತಂದ್ರೆ ನಾನು ಹೊರಗೆ ಹೋಗ್ತೀನಿ ಅಂತಿದ್ದವರು?"

"ಅದೇ ಅಪ್ಪ. ಆ ಡ್ರೈವರ್ ಜೈಲಿಗೆ ಹೋದಾಗ ಟವೆಲಲ್ಲಿ ಕಣ್ಣು ಒರೆಸ್ಕೊಂಡ್ರು."

ಫೋನಿಟ್ಟ ಮೇಲೆ ಜಯಶೀಲಾ ಲೆಕ್ಕ ಹಾಕಿದಳು. ದಿನವೂ ಅದೇ ಅರ್ಧ ಗಂಟೆ ಅಪ್ಪನೂ ತಾನೂ ಅದೇ ಮಾತು ಕೇಳುತ್ತಿದ್ದೇವೆ, ಅದೇ ಕಡೆ ಅಳುತ್ತಿದ್ದೇವೆ. ಹೀಗೆಂದು ಮಗಳ ಮುಂದೆ ಅಂದದ್ದು ತಪ್ಪಾಯಿತೋ ಸರಿಯಾಯಿತೋ, ಸೋಮವಾರ ಎಂಟು ಗಂಟೆಗೆ ಅವಳು ತಟ್ಟೆಯ ಮುಂದೆ ಕೂತಾಗ ಪ್ರೇರಣಾ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಅಮ್ಮನ ಫೋನಿನಲ್ಲಿ 'ಅಪ್ಪ' ಎಂದಿದ್ದ ಹೆಸರು ಒತ್ತಿಬಿಟ್ಟಳು. ಮೂರು ಫೋನು ಬದಲಾದರೂ ಜಯಶೀಲಾ ಆ ನಂಬರನ್ನು ಹೊತ್ತುಕೊಂಡು ಬಂದಿದ್ದಳು. ಒತ್ತಿರಲಿಲ್ಲ.

"ಹಲೋ. ಯಾರು?" ಸ್ಪೀಕರಿನಲ್ಲಿ ದನಿ ಬಂತು. ಜಯಶೀಲಾ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡಳು.

"ನಾನು ಪ್ರೇರಣಾ. ಕೋಣನಕುಂಟೆ. ಸೆವೆಂತ್ ಸ್ಟ್ಯಾಂಡರ್ಡ್."

ಫೋನು ಕಟ್ಟಾಯಿತೇನೋ ಎಂದು ಹುಡುಗಿ ಎರಡು ಸಲ ನೋಡಿದಳು.

"ಏನು ಬೇಕಮ್ಮ?"

"ನೀವು ಏಳೂವರೆ ಸೀರಿಯಲ್ ನೋಡ್ತೀರಂತೆ. ನಂಗೊಂದು ಪ್ರಾಜೆಕ್ಟ್ ಇದೆ."

"ನಾನು ನೋಡಲ್ಲ. ಮನೇಲಿ ಹಾಕಿರ್ತಾರೆ, ಕಿವಿಗೆ ಬೀಳುತ್ತೆ."

"ಕಿವಿಗೆ ಬಿದ್ದಿದ್ದೇ ಹೇಳಿ ಪರವಾಗಿಲ್ಲ. ಇವತ್ತು ಪೊಲೀಸರು ಕೇಳಿದಾಗ ಅಡುಗೆ ಭಟ್ಟ ಇದಾನಲ್ಲ, ಸಂಗಮೇಶನ ಫ್ರೆಂಡು, ಅವನು ಯಾರೋ ನಂಗೊತ್ತಿಲ್ಲ ಅಂದ."

"ಎಷ್ಟು ಸಲ ಅಂದ?" ಮೇಷ್ಟ್ರ ದನಿ ಥಟ್ಟನೆ ಪಾಠದ ದನಿಯಾಯಿತು.

"ಮೂರು ಸಲ."

"ಎಣಿಸಿದೆಯಲ್ಲ, ಭೇಷ್. ಬರ್ಕೋ. ಯೇಸುಸ್ವಾಮಿ ಶಿಷ್ಯನೂ ಅವರು ಯಾರೋ ಗೊತ್ತಿಲ್ಲ ಅಂದಿದ್ದು ಮೂರೇ ಸಲ. ಮೂರನೇ ಸಲ ಅಂದಾಗ ಕೋಳಿ ಕೂಗಬೇಕು. ಕೂಗ್ತಾ?"

"ಇಲ್ಲ ತಾತ. ಕುಕ್ಕರ್ ವಿಷಲ್ ಹೊಡೀತು."

ಸತ್ಯಮಿತ್ರ ಮೇಷ್ಟ್ರು ನಕ್ಕುಬಿಟ್ಟರು. ಮೊದಲು ಮೂಗಿನಲ್ಲಿ, ಆಮೇಲೆ ಕೆಮ್ಮು ಬರುವ ತನಕ. ಜಯಶೀಲಾ ತುತ್ತನ್ನು ತಟ್ಟೆಗೆ ಹಾಕಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಆ ನಗೆಯನ್ನು ಮರೆತಿದ್ದೇನೆ ಎಂದುಕೊಂಡಿದ್ದಳು, ಮರೆತಿರಲಿಲ್ಲ.

"ನಾಳೆ ಇದೇ ಹೊತ್ತಿಗೆ ಮಾಡು" ಎಂದರು ಮೇಷ್ಟ್ರು. ನಿಮ್ಮಮ್ಮ ಹೇಗಿದ್ದಾಳೆ ಎಂದು ಕೇಳಲಿಲ್ಲ.

ಅಲ್ಲಿಂದ ದಿನವೂ ಎಂಟು ಗಂಟೆಗೆ ಹತ್ತು ನಿಮಿಷದ ಪಾಠ. ಮೇಷ್ಟ್ರು ಒಮ್ಮೆಯೂ ಮಗಳನ್ನು ಕೇಳಲಿಲ್ಲ, ಮಗಳು ಒಮ್ಮೆಯೂ ಮಾತಾಡಲಿಲ್ಲ. ಸೌಟಿನ ಸದ್ದೂ ಆಗದಂತೆ ನಿಂತು ಕೇಳುತ್ತಿದ್ದಳು. ತಮಾಷೆಯೆಂದರೆ ವಾರ ಕಳೆಯುವುದರೊಳಗೆ ನಾರಾಯಣಮ್ಮನೂ ಆ ಫೋನಿಗೆ ಕಾಯುವಂತಾಯಿತು.

"ಏನಂದ್ರೇ ನಿಮ್ಮ ಮೇಷ್ಟ್ರು ತಾತ? ಸಂಗಮೇಶ ಹೊರಗೆ ಬತ್ತಾನಂತಾ?"

"ಬಂದೇ ಬರ್ತಾನಂತೆ ಅಜ್ಜಿ. ಕಥೆ ಇರೋದೇ ಹಂಗಂತೆ."

"ಅವ್ರಿಗೆ ಹೆಂಗೆ ಗೊತ್ತು? ಡೈರೆಟ್ರು ಏನು ಅವ್ರ ನೆಂಟನಾ?"

ಮಾರ್ಚ್ ನಡುವಿನ ಒಂದು ಬೆಳಿಗ್ಗೆ ಗಂಗಾಧರಯ್ಯನವರಿಗೆ ಕನ್ನಡಕ ಹುಡುಕುವಾಗ ಮೊಮ್ಮಗಳ ಪ್ರಾಜೆಕ್ಟ್ ಪುಸ್ತಕ ಕೈಗೆ ಸಿಕ್ಕಿತು. ಕನ್ನಡಕವೂ ಅದರೊಳಗೇ ಇತ್ತು. ಹಾಕಿಕೊಂಡು ನೋಡಿದರೆ ಮೊದಲ ಪುಟದಲ್ಲೇ ಬಣ್ಣ ಹಚ್ಚಿದ ಶಿಲುಬೆ, ಪಕ್ಕದಲ್ಲಿ ಡ್ರೈವರ್ ಸಂಗಮೇಶನ ಫೋಟೊ. ಉಪ್ಪಿಟ್ಟಿನ ತಟ್ಟೆಯ ಪಕ್ಕಕ್ಕೆ ಪುಸ್ತಕವನ್ನು ದೊಪ್ಪನೆ ಹಾಕಿದರು.

"ಏನಿದು? ಈ ಮನೇಲಿ ಯಾವ ಪಾಠ ನಡೀತಾ ಅದೆ?"

"ಸ್ಕೂಲ್ ಪ್ರಾಜೆಕ್ಟ್ ಅಪ್ಪ" ಎಂದ ರವಿಕಿರಣ್. ವಸಂತಪುರದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಒಂಬತ್ತಕ್ಕೆ ಬಾಗಿಲು ತೆಗೆಯಬೇಕು. "ಸೀರಿಯಲ್ ಬಗ್ಗೆ ಬರ್ದಿದಾಳೆ, ಅಷ್ಟೇ."

"ಸೀರಿಯಲ್ಲಲ್ಲಿ ಶಿಲುಬೆ ಎಲ್ಲೋ ಬಂತು? ಪರಮಶಿವಯ್ಯ ವಿಭೂತಿ ಇಟ್ಕೊಂಡು ಓಡಾಡ್ತಾನೆ! ಅವನನ್ನೂ ಬಿಡಲಿಲ್ಲ ಇವ್ರು. ನಾಳೆ ಮಗೂನ ಕರ್ಕೊಂಡೋಗಿ ನೀರು ಚಿಮುಕಿಸ್ತಾರೆ. ನಾನು ಊರೋರಿಗೆ ಏನು ಹೇಳ್ಲಿ?"

ನಾರಾಯಣಮ್ಮನಿಗೆ ಬೇರೆಯದೇ ಸಂಕಟ. "ಇಷ್ಟು ಹತ್ರ ಇದ್ಕೊಂಡು ಮದುವೆಗೆ ಬರ್ಲಿಲ್ಲ. ಹೆಣ್ಣಿನಪ್ಪ ಬಂದು ಅಳಿಯನ ಕಾಲು ತೊಳೀಬೇಕು. ನನ್ನ ಮಗ ತನ್ನ ಕಾಲು ತಾನೇ ತೊಳ್ಕೊಂಡು ಮಣೆ ಮೇಲೆ ಕೂತ. ನೋಡಿದೋರು ನಕ್ರು. ಈಗ ಫೋನಲ್ಲಿ ಕೂತ್ಕೊಂಡು ಕಥೆ ಹೇಳ್ತಾರಾ?"

"ಅಮ್ಮ, ಅದಾಗಿ ಯಾವ ಕಾಲ ಆಯ್ತು."

"ನಿಂಗೆ ಕಾಲ ಆಯ್ತು ಕಣೋ. ನಂಗೆ ನೆನ್ನೆ ಇದ್ದಂಗೈತೆ."

ಜಯಶೀಲಾ ಕೈಯಲ್ಲಿದ್ದ ಚಟ್ನಿಯ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ಮಾವ, ಹದಿಮೂರು ವರ್ಷದಲ್ಲಿ ಈ ಮನೇಲಿ ನಾನು ನನಗೇ ಅಂತ ಏನಾದ್ರೂ ಕೇಳಿದೀನಾ? ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ಮಾರಮ್ಮನ ಹಬ್ಬಕ್ಕೆ ತಂಬಿಟ್ಟು ಮಾಡಿದೀನಿ, ಆರತಿ ಹೊತ್ತಿದೀನಿ. ಆ ಹತ್ತು ನಿಮಿಷ ಒಂದು ಬಿಡಿ. ಅವರು ನನ್ನ ಹತ್ರ ಮಾತಾಡೋದೂ ಇಲ್ಲ. ನಾನು ಸುಮ್ನೆ ಕೇಳಿಸ್ಕೋತೀನಿ. ಅವರಿಗೆ ಕಣ್ಣು ಹೋಗ್ತಿದೆ ಮಾವ. ಎಷ್ಟು ದಿನ ಇರ್ತಾರೋ."

ಸೊಸೆ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಗಂಗಾಧರಯ್ಯ ಕೇಳಿರಲಿಲ್ಲ. ಉಪ್ಪಿಟ್ಟನ್ನು ಎರಡು ಸಲ ಕಲಸಿದರು, ತಿನ್ನಲಿಲ್ಲ. ಕೊನೆಗೆ, "ಒಳಗೆ ಗುಸುಗುಸು ಬ್ಯಾಡ. ಮಾತಾಡೋದಿದ್ರೆ ಹಾಲಲ್ಲಿ, ಎಲ್ರ ಮುಂದೆ ಮಾತಾಡ್ಲಿ" ಎಂದು ಎದ್ದುಹೋದರು.

ಹೀಗೆ ಫೋನು ಅಡುಗೆಮನೆಯ ಕಟ್ಟೆಯಿಂದ ಹಾಲಿನ ಟೀಪಾಯಿಗೆ ಬಂತು. ಈಗ ಇಡೀ ಮನೆ ಪಾಠಕ್ಕೆ ಕೂರುತ್ತಿತ್ತು. ಗಂಗಾಧರಯ್ಯ ಪೇಪರು ಅಡ್ಡ ಹಿಡಿದುಕೊಳ್ಳುತ್ತಿದ್ದರು. ಪುಟ ತಿರುವುವ ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ.

ತಿಂಗಳ ಕೊನೆಗೆ ಮೇಷ್ಟ್ರು ಹೇಳಿದಂತೆಯೇ ಸಂಗಮೇಶ ಹೊರಗೆ ಬಂದ. ನಿಜ ಬಯಲಾಗಿತ್ತು. ದೊಡ್ಡಮನೆಯ ಗೇಟಿನಲ್ಲಿ ಪರಮಶಿವಯ್ಯ ತಂಬಿಗೆ ಹಿಡಿದು ನಿಂತಿದ್ದ. ಎಲ್ಲರೂ ನೋಡುತ್ತಿರುವಂತೆಯೇ ನೆಲಕ್ಕೆ ಮಂಡಿಯೂರಿ, ತನ್ನ ಡ್ರೈವರಿನ ಕಾಲು ತೊಳೆದು, ಶಲ್ಯದಿಂದ ಒರೆಸಿದ. ನಾರಾಯಣಮ್ಮ ಗೊಳೋ ಎಂದು ಅತ್ತರು.

"ಅಳಿಯಂಗೆ ಮಾಡೋ ಮರ್ಯಾದೆನ ಡ್ರೈವರ್‌ಗೆ ಮಾಡ್ದ ಪುಣ್ಯಾತ್ಮ!"

ಜಯಶೀಲಾ ಬಾಗಿಲಿಗೊರಗಿ ನಿಂತಿದ್ದಳು. ಅವಳ ಕಣ್ಣಿಗೆ ಕಾಣುತ್ತಿದ್ದುದು ಬೇರೆ ಮನೆ, ಬೇರೆ ನೆಲ. ಶುಭ ಶುಕ್ರವಾರದ ಹಿಂದಿನ ಗುರುವಾರದ ಸಂಜೆ ಅಪ್ಪ ಹಿತ್ತಾಳೆ ಬೋಗುಣಿಯಲ್ಲಿ ಬಿಸಿನೀರು ಬೆರೆಸಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು, ಮನೆಯ ಪ್ರತಿಯೊಬ್ಬರ ಕಾಲು ತೊಳೆಯುತ್ತಿದ್ದರು. ಯೇಸುಸ್ವಾಮಿ ತನ್ನ ಶಿಷ್ಯರಿಗೆ ಮಾಡಿದ್ದು, ನಾವೂ ಮಾಡಬೇಕು ಎನ್ನುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದ ಮನೆಗೆಲಸದ ಮುದುಕಿಯಿಂದ ಶುರು, ಕೊನೆಗೆ ಚಿಕ್ಕವಳು ಜಯಾ. ನೀರು ಬೆಚ್ಚಗಿದೆಯಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಬೆಚ್ಚಗಿದ್ದರೂ ಅವಳು ಪ್ರತಿ ವರ್ಷ, ಇನ್ನೂ ಸ್ವಲ್ಪ ಬಿಸಿ ಬೇಕು ಎನ್ನುತ್ತಿದ್ದಳು. ಅಮ್ಮ ಒಳಗಿನಿಂದ ಬಿಸಿನೀರು ತರುವ ತನಕ ಅಪ್ಪ ಪಾದ ಹಿಡಿದುಕೊಂಡೇ ಕೂತಿರಬೇಕಿತ್ತು, ಅದಕ್ಕೆ. ಅಮ್ಮ ತೀರಿಕೊಂಡು ಈಗ ಹದಿನೈದು ವರ್ಷ.

ಎಂಟು ಗಂಟೆಗೆ ಮೇಷ್ಟ್ರು ಫೋನಿನಲ್ಲಿ ಇದನ್ನೇ ಮೊಮ್ಮಗಳಿಗೆ ಹೇಳುತ್ತಿದ್ದರು. ನಾರಾಯಣಮ್ಮ ಇನ್ನೂ ಪರಮಶಿವಯ್ಯನ ಗುಂಗಿನಲ್ಲೇ ಮೂಗೊರೆಸಿಕೊಳ್ಳುತ್ತಿದ್ದರು, ಕಾಲು ತೊಳೆಯುವುದೆಂಬ ಮಾತಷ್ಟೇ ಅವರ ಕಿವಿಗೆ ಬಿತ್ತು.

"ಈಗಲೂ ಮಾಡ್ತೀರಾ ತಾತ?"

"ಇಲ್ಲ. ನಿಲ್ಲಿಸಿ ಹದಿಮೂರು ವರ್ಷ ಆಯ್ತು."

ಹದಿಮೂರು ಎಂದದ್ದು ಕೇಳಿ ಜಯಶೀಲಾ ಗೋಡೆಯ ಕಡೆ ತಿರುಗಿದಳು. ರವಿಕಿರಣ್ ಅವಳನ್ನೇ ನೋಡುತ್ತಿದ್ದ.

"ಮುಂದಿನ ಗುರುವಾರ ನಮ್ಮನೆಗೆ ಬಂದು ಮಾಡಿ ತಾತ. ಪ್ರಾಜೆಕ್ಟ್‌ಗೆ ಫೋಟೊ ಬೇಕು."

ಮೇಷ್ಟ್ರು ತಡೆದು ಕೇಳಿದರು. "ಆ ಮನೆಯವರು ಏನಂತಾರೆ?"

ಯಾರು ಏನನ್ನುವ ಮೊದಲೇ ನಾರಾಯಣಮ್ಮ ಟೀಪಾಯಿಯ ಮೇಲೆ ಬಗ್ಗಿ, ಫೋನು ದೂರದಲ್ಲಿದೆಯೇನೋ ಎಂಬಂತೆ ಕೂಗಿದರು. "ಬನ್ನಿ ಮೇಷ್ಟ್ರೆ! ಹದಿಮೂರು ವರ್ಷದಿಂದ ಬಾಕಿ ಅದೆ. ಬಂದು ಕಾಲು ತೊಳ್ದು ಹೋಗಿ!"

"ಬರ್ತೀನಮ್ಮ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

ಇಬ್ಬರೂ ಒಪ್ಪಿದರು, ಒಪ್ಪಿದ್ದು ಮಾತ್ರ ಬೇರೆಬೇರೆ. ನಾರಾಯಣಮ್ಮ ಕರೆದದ್ದು ಮದುವೆಯಲ್ಲಿ ತಪ್ಪಿಹೋದ ಮರ್ಯಾದೆಗೆ. ಮೇಷ್ಟ್ರು ಬರುತ್ತೇನೆಂದದ್ದು ತಮ್ಮ ಗುರುವಾರಕ್ಕೆ. ಎರಡೂ ಗೊತ್ತಿದ್ದವರು ಜಯಶೀಲಾ, ರವಿಕಿರಣ್ ಇಬ್ಬರೇ.

"ಅಮ್ಮಂಗೆ ಹೇಳ್ಬಿಡು" ಎಂದ ರವಿಕಿರಣ್, ಮಾರನೆಯ ದಿನ ಮಹಡಿಯ ಮೇಲೆ ಹಾಸಿಗೆ ಬಟ್ಟೆಯ ಇನ್ನೊಂದು ತುದಿ ಹಿಡಿದು ಮಡಿಸುತ್ತ.

"ಹೇಳಿದ್ರೆ ಬೇಡ ಅಂತಾರೆ."

"ನಿಮ್ಮಪ್ಪಂಗಾದ್ರೂ ಹೇಳ್ಸು."

"ಮದುವೆ ಶಾಸ್ತ್ರ ಅಂತ ಗೊತ್ತಾದ್ರೆ ಅವರು ಬರೋದೇ ಇಲ್ಲ."

"ಬಂದ ಮೇಲೆ ಗೊತ್ತಾಗುತ್ತಲ್ಲೇ."

"ಬಂದಿರ್ತಾರಲ್ಲ" ಎಂದಳು ಜಯಶೀಲಾ.

ಗುರುವಾರ ಅವಳು ಟ್ಯೂಷನ್ನಿಗೆ ರಜೆ ಹಾಕಿದಳು. ನಾರಾಯಣಮ್ಮ ಬೆಳಿಗ್ಗೆಯಿಂದಲೇ ಸಂಭ್ರಮದಲ್ಲಿದ್ದರು. ಬೇಳೆ ಬೇಯಿಸಿ ಹೂರಣ ರುಬ್ಬಿಸಿದರು, ಒಬ್ಬಟ್ಟು ತಟ್ಟಿಸಿದರು, ಹಾಲಿನ ನಡುವೆ ರಂಗೋಲಿ ಎಳೆದು ಮಣೆ ಹಾಕಿಸಿದರು. ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನ ಕುಂಕುಮ. ರವಿಕಿರಣ್ ಜರಿಯ ಪಂಚೆ ಉಟ್ಟು, ಗ್ರೀಸ್ ಪೂರ್ತಿ ಹೋಗದ ಉಗುರುಗಳನ್ನು ಮಡಿಸಿಕೊಂಡು ಮಣೆಯ ಮೇಲೆ ಕೂತ. ನಲವತ್ತರ ಮದುಮಗನನ್ನು ನೋಡಿ ಪ್ರೇರಣಾ ನಗು ತಡೆಯಲಾರದೆ ಬಾತ್‌ರೂಮಿಗೆ ಓಡಿದಳು. ಒಬ್ಬಟ್ಟು ಬೇಯಿಸುತ್ತಿದ್ದ ಜಯಶೀಲಾಗೆ ಎರಡು ಸಲ ಕೈ ಸುಟ್ಟಿತು. ಅಪ್ಪ ರಂಗೋಲಿ ನೋಡಿ ತಿರುಗಿ ಹೋದರೆ? ಅಪ್ಪನ ಮಾತಿಗೆ ಅತ್ತೆ ಸಿಡಿದೆದ್ದರೆ? ಇನ್ನೊಮ್ಮೆ ಹೋದರೆ ಅವರು ಮತ್ತೆ ಬರುವಷ್ಟು ಆಯುಷ್ಯ ಉಳಿದಿರಲಿಲ್ಲ.

ಸಂಜೆ ಏಳು ಗಂಟೆಗೆ ಆಟೋ ನಿಂತಿತು. ಪ್ರಸನ್ನ ಇಳಿದು ಅಪ್ಪನ ಕೈ ಹಿಡಿದ. ಮೇಷ್ಟ್ರು ಟವೆಲಿನಲ್ಲಿ ಸುತ್ತಿದ ಬೋಗುಣಿಯನ್ನು ಎದೆಗೆ ಅವಚಿಕೊಂಡಿದ್ದರು. ಬಾಗಿಲ ಪಕ್ಕದಲ್ಲೇ ನಿಂತಿದ್ದ ಜಯಶೀಲಾಳನ್ನು ದಾಟಿ ಒಳಗೆ ಬಂದರು. ಎಷ್ಟು ಹತ್ತಿರದಿಂದ ಹೋದರೆಂದರೆ, ನೋವಿನೆಣ್ಣೆಯ ವಾಸನೆ ಮೂಗಿಗೆ ಬಂತು. ಅವಳು ಉಸಿರು ಬಿಡಲಿಲ್ಲ, ಅವರಿಗೆ ಕಾಣಿಸಲಿಲ್ಲ.

"ಬನ್ನಿ ಬೀಗರೆ" ಎಂದರು ಗಂಗಾಧರಯ್ಯ. ಎದ್ದು ನಿಂತು, ಏನು ಮಾಡಬೇಕೋ ತಿಳಿಯದೆ ಪೇಪರನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

ನೀರು ಬಂತು, ಬಿಸಿನೀರು ಬೆರೆಯಿತು. ಮೇಷ್ಟ್ರು ಸೊಂಟಕ್ಕೆ ಟವೆಲು ಸುತ್ತಿಕೊಂಡು, ಮಗನ ಹೆಗಲು ಹಿಡಿದು, ನಿಧಾನವಾಗಿ ನೆಲದ ಮೇಲೆ ಕೂತರು. ರಂಗೋಲಿಯ ಒಂದು ಮೂಲೆ ಅಳಿಸಿತು.

"ಅಳಿಯಂದ್ರು ಮಣೆ ಮೇಲೆ ಕೂತವ್ರೆ, ಶುರು ಮಾಡಿ" ಎಂದರು ನಾರಾಯಣಮ್ಮ.

"ಅವರದೂ ತೊಳೀತೀನಮ್ಮ. ಈ ಮನೇಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡೋರು ಯಾರು? ನಮ್ಮಲ್ಲಿ ಅವರಿಂದ ಶುರು. ಅದೇ ಪದ್ಧತಿ."

"ಅಜ್ಜಿ!" ಎಂದು ಪ್ರೇರಣಾ ಕೈ ಎತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ.

ನಾರಾಯಣಮ್ಮನ ಮುಖ ಬಿಳಿಚಿತು. "ಇದೇನು ಹೊಸದು? ಮದುವೆ ಶಾಸ್ತ್ರಕ್ಕೆ ತಾನೆ ನಾವು ಕರ್ದಿದ್ದು?" ಎಂದು ಗಂಡನನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ಸೊಸೆಯನ್ನು ನೋಡಿದರು. ಸೊಸೆ ತಲೆ ತಗ್ಗಿಸಿದಳು.

"ನಿಂಗೊತ್ತಿತ್ತೇನೇ ಜಯಾ?"

"ಗೊತ್ತಿತ್ತು ಅತ್ತೆ. ತಪ್ಪಾಯ್ತು. ಹೇಳಿದ್ರೆ ಅವರು ಬರ್ತಿರಲಿಲ್ಲ."

ಮಗಳ ದನಿ ಬಂದ ಕಡೆಗೆ ಮೇಷ್ಟ್ರ ಮುಖ ತಿರುಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ಬೋಗುಣಿಯನ್ನು ನಾರಾಯಣಮ್ಮನ ಸೋಫಾದ ಕಡೆಗೆ ತಳ್ಳಿಕೊಂಡು ಸರಿದರು. "ಕಾಲು ಕೊಡಿ ತಾಯಿ."

"ಬ್ಯಾಡಿ ಬ್ಯಾಡಿ!" ನಾರಾಯಣಮ್ಮ ಎರಡೂ ಕಾಲು ಮೇಲೆಳೆದುಕೊಂಡರು. "ನಿಮಗೆ ಗೊತ್ತಿಲ್ಲ ಮೇಷ್ಟ್ರೆ. ನಾ ಕೊನೇಗೆ ಉಣ್ಣೋದು ದೊಡ್ಡ ಗುಣಕ್ಕಲ್ಲ. ನಿಮ್ಮ ಮಗಳ ಜೊತೆ ಕೂರಬಾರ್ದು ಅಂತ ಶುರು ಮಾಡಿದ್ದು. ಆಮೇಲೆ ಬಿಡೋಕೆ ನಾಚ್ಕೆ ಆಯ್ತು, ಅದಕ್ಕೆ ಹಂಗೇ ಉಳೀತು."

ಪ್ರೇರಣಾಳ ಎತ್ತಿದ ಕೈ ಕೆಳಗಿಳಿಯಿತು. ಮೇಷ್ಟ್ರು ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದರು.

"ನಾನೂ ಹದಿಮೂರು ವರ್ಷ ಅವಳ ಜೊತೆ ಕೂತಿಲ್ಲಮ್ಮ" ಎಂದರು. "ಕಾಲು ಕೊಡಿ."

"ಕೊಡೇ" ಎಂದರು ಗಂಗಾಧರಯ್ಯ. "ದೊಡ್ಡೋರು ನೆಲದ ಮೇಲೆ ಕೂತವ್ರೆ."

ನಾರಾಯಣಮ್ಮ ಕಣ್ಣು ಮುಚ್ಚಿಕೊಂಡು ಕಾಲು ಇಳಿಸಿದರು. ಗದ್ದೆ ಕೆಲಸದಲ್ಲಿ ಒಡೆದ ಹಿಮ್ಮಡಿ, ಊದಿದ ಕಣಕಾಲು. ಮೇಷ್ಟ್ರು ನೀರು ಹೊಯ್ದು, ಬೆರಳು ಬೆರಳಿನ ನಡುವೆ ತೊಳೆದು, ಟವೆಲಿನಿಂದ ಒತ್ತಿ ಒರೆಸಿದರು. ನೀರು ಬೆಚ್ಚಗಿದೆಯಾ ಎಂದು ಕೇಳಿದರು. ನಾರಾಯಣಮ್ಮ ಹೂಂಗುಟ್ಟಿದರು. ಆಮೇಲೆ ಮಣೆಯ ಮೇಲಿದ್ದ ರವಿಕಿರಣ್‌ನ ಕಾಲು. ಆಮೇಲೆ ಪ್ರೇರಣಾ. ಅವಳು ಫೋಟೊ ತೆಗೆಯುವುದನ್ನೇ ಮರೆತಿದ್ದಳು. ಗಂಗಾಧರಯ್ಯ, "ನಂದು ಬ್ಯಾಡಿ, ಈಗ ತಾನೆ ಸ್ನಾನ ಆಯ್ತು" ಎಂದು ಪೇಪರಿನ ಹಿಂದೆ ಸೇರಿಕೊಂಡರು.

"ಇನ್ಯಾರಿದಾರೆ?" ಎಂದು ಕೇಳಿದರು ಮೇಷ್ಟ್ರು.

ಜಯಶೀಲಾ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಯಾರೂ ಹೆಸರು ಹೇಳಲಿಲ್ಲ. ಮೇಷ್ಟ್ರ ಕೈ ನೀರಿನಿಂದ ಎದ್ದು ಅವಳ ಪಾದ ಹುಡುಕಿತು, ಹಿಡಿಯಿತು, ಬೆರಳಿನ ಮೇಲೆ ಹರಿಯಿತು. ಅಲ್ಲೇ ನಿಂತಿತು. ಬೆಳ್ಳಿಯ ಕಾಲುಂಗುರ. ಅವರ ಮನೆಯ ಹೆಂಗಸರು ಯಾರೂ ಹಾಕಿದವರಲ್ಲ. ಬೇಡವೆಂದಿದ್ದೇ ಅದನ್ನು, ಹದಿಮೂರು ವರ್ಷ ದೂರವಿಟ್ಟಿದ್ದೇ ಅದಕ್ಕೆ. ಜಯಶೀಲಾ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಇಷ್ಟು ದಿನ ಕಾದಿದ್ದೇನೆ, ಏನಾಗುವುದೋ ಆಗಲಿ ಎಂದು ಕೂತಳು.

ಮೇಷ್ಟ್ರು ಉಂಗುರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ಅದರಡಿಯ ಕೊಳೆಯನ್ನು ಉಜ್ಜಿದರು. ಇನ್ನೊಂದು ಕಾಲಿನದನ್ನೂ ಹಾಗೇ ತಿರುಗಿಸಿ ತೊಳೆದರು.

"ನೀರು ಬೆಚ್ಚಗಿದೆಯಾ, ಜಯಾ?"

ಬೋಗುಣಿಯ ನೀರು ಆ ಹೊತ್ತಿಗೆ ತಣ್ಣಗಾಗಿತ್ತು.

"ಇನ್ನೂ ಸ್ವಲ್ಪ ಬಿಸಿ ಬೇಕು ಅಪ್ಪ" ಎಂದಳು ಜಯಶೀಲಾ.

ಏಳೂವರೆ ದಾಟಿ ಹೋಗಿತ್ತು, ಟೀವಿ ಹಾಕುವುದು ಯಾರಿಗೂ ನೆನಪಾಗಲಿಲ್ಲ. ನಾರಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಪೂರ್ತಿ ಆರದ ಕಾಲಿನಲ್ಲೇ ಅಡುಗೆಮನೆಗೆ ನಡೆದರು. ಒಲೆ ಹಚ್ಚಿದ ಸದ್ದು ಕೇಳಿಸಿತು, ಪಾತ್ರೆ ಇಟ್ಟ ಸದ್ದು ಕೇಳಿಸಿತು. ನೀರು ಕಾಯುವವರೆಗೆ ಮೇಷ್ಟ್ರು ಮಗಳ ಪಾದಗಳನ್ನು ಹಿಡಿದುಕೊಂಡೇ ಕೂತಿದ್ದರು.